ಶನಿವಾರದ ತಲೆನೋವು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ರಾಯಚೂರು ಕಡೆಯ ಹುಡುಗ, ವಯಸ್ಸು 19. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷ. ಹತ್ತನೆಯ ತರಗತಿಯವರೆಗೂ ಊರಿನ ಸರ್ಕಾರಿ ಶಾಲೆ. ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗಿರುವ ಶೇ. 5ರ ಮೀಸಲಾತಿಯಲ್ಲಿ ಸೀಟು ಸಿಕ್ಕಿತ್ತು. ಪದೇ ಪದೇ ತಲೆನೋವು. ಕಣ್ಣು, ರಕ್ತ ಎಲ್ಲ ಪರೀಕ್ಷಿಸಿ ಏನೂ ಕಾಣದೆ ವೈದ್ಯರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕಳುಹಿಸಿದ್ದರು.

ತಲೆನೋವು ಬಂದ ದಿನಗಳನ್ನು ಬರೆದಿಡಲು ಹೇಳಿದೆ. ಮುಂದಿನ ಭೇಟಿಗೆ ತಂದ ಹಾಳೆಯಲ್ಲಿ ಬಹುತೇಕ ಶನಿವಾರಗಳೇ ಇದ್ದವು.

ಶನಿವಾರ ಸಂಜೆ ಗೆಳೆಯರೊಂದಿಗೆ ಹೋಟೆಲಿಗೆ ಹೋಗುವುದು ವಾಡಿಕೆ. ಬಿಲ್ಲು ತಲೆಗಿಷ್ಟು ಎಂದು ಸಮಪಾಲು. ಒಮ್ಮೆ ಇವನು ನಿಂಬೆ ಸೋಡಾ ಮಾತ್ರ ಕುಡಿದಿದ್ದ. ಪಾಲಿಗೆ ಬಂದದ್ದು 380 ರೂಪಾಯಿ. ನಗುತ್ತಲೇ ಮೊಬೈಲಿನಲ್ಲಿ ಕಳುಹಿಸಿದ್ದ. "ಅಪ್ಪ ಎಪಿಎಂಸಿಯಲ್ಲಿ ಹಮಾಲಿ, ಮೇಡಂ. ದುಡ್ಡು ಕೊಡುವಾಗಲೆಲ್ಲ ಇದು ಎಷ್ಟು ಚೀಲ ಎಂದು ಎಣಿಸುತ್ತೇನೆ" ಎಂದವನು ಬಹಳ ಹೊತ್ತು ಬ್ಯಾಗಿನ ಪಟ್ಟಿಯ ದಾರ ಎಳೆಯುತ್ತ ಕುಳಿತ. ಗೆಳೆಯರಿಗೆ ಅಪ್ಪನದು ವ್ಯಾಪಾರ ಎಂದು ಹೇಳಿದ್ದ. ನೋಡಲು ಬರುತ್ತೇನೆ ಎಂದ ಅಪ್ಪನಿಗೆ ಪರೀಕ್ಷೆ ಇದೆ ಎಂದು ಸುಳ್ಳು ಹೇಳಿ ತಪ್ಪಿಸಿದ್ದ. ಅದನ್ನು ಹೇಳುವಾಗ ಅತ್ತ.

ಇಂಥ ಮಕ್ಕಳಿಗೆ "ಆತ್ಮವಿಶ್ವಾಸ ಬೆಳೆಸಿಕೋ" ಎಂದು ಹೇಳಿ ಕಳುಹಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಓದಿದವರ ಮನೆಯಲ್ಲಿ ಯಾವ ಅರ್ಜಿ, ಎಲ್ಲಿ, ಯಾವಾಗ ಎಂಬುದು ಊಟದ ಹೊತ್ತಿನಲ್ಲೇ ಕಿವಿಗೆ ಬೀಳುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ಸರ್ಕಾರ ತಿಂಗಳಿಗಿಷ್ಟು ಎಂದು ಹಣ ಕೊಡುವ 'ವಿದ್ಯಾಸಿರಿ' ಇದೆ ಎಂದು ಇವನಿಗೆ ತಿಳಿಸುವವರೇ ಇರಲಿಲ್ಲ. ಒಂದು ವರ್ಷ ಹಾಗೆಯೇ ಕಳೆದುಹೋಗಿತ್ತು.

ಆದ್ದರಿಂದ ನನ್ನ ಮೊದಲ ಸಲಹೆ: ಜಾತಿ, ಆದಾಯ ಪ್ರಮಾಣಪತ್ರ ಹಿಡಿದು ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಎಲ್ಲರೆದುರು ಎಲ್ಲವನ್ನೂ ಬಿಚ್ಚಿಡಬೇಕಾಗಿಲ್ಲ. ನಂಬಿಕೆಯ ಒಬ್ಬ ಗೆಳೆಯನಿಗೆ ಅಪ್ಪನ ಕೆಲಸ ಏನೆಂದು ಹೇಳಿ ಎಂದೆ. "ನನ್ನದು ಎಷ್ಟಾಯಿತೋ ಅಷ್ಟು ಕೊಡುತ್ತೇನೆ" ಎಂಬ ಮಾತನ್ನು ನನ್ನೆದುರೇ ನಾಲ್ಕೈದು ಸಲ ಆಡಿಸಿದೆ. ಮೊದಲ ಸಲ ದನಿಯೇ ಹೊರಡಲಿಲ್ಲ. ರಾತ್ರಿ ಹೊತ್ತು ಮನಸ್ಸು ತಡೆಯದಾದರೆ ಕನ್ನಡದಲ್ಲೇ ಮಾತನಾಡಬಹುದಾದ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಬರೆದುಕೊಟ್ಟೆ.

ಹೋಟೆಲಿನ ಮಾತನ್ನು ಇನ್ನೂ ಆಡಿಲ್ಲ. ಎರಡು ಶನಿವಾರ ಹೋಗದೇ ಉಳಿದಿದ್ದಾನೆ. ಗೆಳೆಯನಿಗೆ ಮಾತ್ರ ಹೇಳಿದ್ದಾನೆ. ಮುಂದಿನ ತಿಂಗಳು ಅಪ್ಪ ಬರುತ್ತಾರೆ. ಮೆಜೆಸ್ಟಿಕ್‌ನಿಂದ ಕರೆತರಲು ಆ ಗೆಳೆಯನೂ ಬರುತ್ತಾನಂತೆ.