ಚೆಂಡೂ ಬೇಕು

ಓದುಗರ ಪತ್ರ: ಸ್ವಯಂಸೇವಕರು ದಾನ ಬಂದ ಚೆಂಡು, ಬೂಟು, ಜೆರ್ಸಿ ಹೊತ್ತುಕೊಂಡು ದೂರದ ಬಡ ದೇಶಗಳಿಗೆ ಹೋಗುತ್ತಾರೆ. ಆ ವಿಮಾನದ ಖರ್ಚಿನಲ್ಲಿ ಅಲ್ಲೇ ಊಟ, ಔಷಧಿ ಕೊಡಿಸಬಹುದಲ್ಲ? ಹೊಟ್ಟೆಗಿಲ್ಲದ ಮಕ್ಕಳಿಗೆ ಆಟದ ಸಾಮಾನು ಯಾಕೆ?

ಸಂಪಾದಕರ ಉತ್ತರ: ಖರ್ಚಿನ ಮಾತು ಒಪ್ಪಿದೆ. ಅಲ್ಲೇ ಸಿಗುವುದನ್ನು ಸಮುದ್ರ ದಾಟಿಸಬೇಕಿಲ್ಲ. ಆದರೆ ನಿಮ್ಮ ಕೊನೆಯ ಸಾಲು ಓದಿ ಬೇಜಾರಾಯಿತು. ಇಷ್ಟು ಕಾಳಜಿಯಿಂದ ಬರೆಯುವ ನೀವೂ ಹೀಗೆ ಕೇಳೋದಾ?

ನಾರ್ವೆಯ ಯೋಹಾನ್ ಓಲಾವ್ ಕೋಸ್ 1994ರ ಲಿಲೆಹಾಮರ್ ಒಲಿಂಪಿಕ್ಸ್‌ನಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಓಡುವ ಸ್ಪೀಡ್ ಸ್ಕೇಟಿಂಗ್‌ನ ಮೂರು ಚಿನ್ನ ಗೆದ್ದವರು. ಅದಕ್ಕೆ ಸ್ವಲ್ಪ ಮುಂಚೆ ಆಫ್ರಿಕಾದ ಎರಿಟ್ರಿಯಾಕ್ಕೆ ಹೋಗಿದ್ದರು. ದೀರ್ಘ ಯುದ್ಧದಿಂದ ಆಗಷ್ಟೇ ಹೊರಬಂದಿದ್ದ ದೇಶ. ಅಲ್ಲಿನ ಹುಡುಗರಲ್ಲಿ ಒಬ್ಬನೆಂದರೆ ಎಲ್ಲರಿಗೂ ಇಷ್ಟ. ಯಾಕೆ ಗೊತ್ತಾ? ಅವನ ಅಂಗಿಗೆ ಉದ್ದ ತೋಳಿತ್ತು. ಅಂಗಿ ಬಿಚ್ಚಿ, ಸುತ್ತಿ, ತೋಳಿನಿಂದ ಬಿಗಿದರೆ ಅದೇ ಚೆಂಡು! ಒಲಿಂಪಿಕ್ಸ್ ಮುಗಿದ ಮೇಲೆ ಕೋಸ್ ಆಟದ ಸಾಮಾನು ತುಂಬಿಕೊಂಡು ಅಲ್ಲಿಗೆ ಮರಳಿದರು. ಹಸಿದವರಿಗೆ ಚೆಂಡಾ ಎಂದು ಆಗಲೂ ಟೀಕೆ ಬಂತು. ಅವರು ಬಿಡಲಿಲ್ಲ. 2000ದಲ್ಲಿ 'ರೈಟ್ ಟು ಪ್ಲೇ' ಸಂಸ್ಥೆ ಕಟ್ಟಿದರು.

ಆ ಹುಡುಗರು ಯಾರ ಅಪ್ಪಣೆಗೂ ಕಾದಿರಲಿಲ್ಲ, ಅಲ್ವಾ? ಹಸಿವಿನ ನಡುವೆಯೂ ಆಡುತ್ತಿದ್ದರು.

ನನ್ನ ಸಿಟ್ಟೇ ಬೇರೆ. ಒಮ್ಮೆ ಇಂಥ ಒಂದು ಗುಂಪಿನ ಜೊತೆ ಸಾಮಾನು ವಿಂಗಡಿಸಲು ಕೂತಿದ್ದೆ. ಅಟ್ಟೆ ಕಿತ್ತ ಬೂಟು, ಒಂಟಿ ಗ್ಲೌಸು, ಬ್ಲಾಡರ್ ಒಡೆದ ಚೆಂಡು. ಮನೆಯ ಕಸ ಸಾಗಹಾಕಿ ದಾನ ಅಂದುಕೊಂಡವರೇ ಜಾಸ್ತಿ. ಮೂಲೆಯಲ್ಲಿ ಒಬ್ಬ ಹುಡುಗಿ ಮಾತ್ರ ಹಳೇ ಬೂಟಿನ ಸ್ಟಡ್‌ಗಳ ನಡುವೆ ಗಟ್ಟಿಯಾಗಿದ್ದ ಮಣ್ಣನ್ನು ಟೂತ್‌ಬ್ರಷ್‌ನಿಂದ ಕೆರೆಯುತ್ತಿದ್ದಳು. ಆಮೇಲೆ ಹೊಸ ಲೇಸು ಪೋಣಿಸಿ, ಎರಡೂ ತುದಿ ಸಮ ಇದೆಯಾ ಅಂತ ಎಳೆದು ನೋಡಿದಳು. ಕಾಣದ ಮಗುವಿಗೆ ಅಷ್ಟು ಮರ್ಯಾದೆ! ಆ ಬೂಟಿಗೆ ವಿಮಾನದ ಖರ್ಚು ದಂಡ ಅಂತ ನಾನು ಹೇಳಲಾರೆ.

ಆಟವೆಂದರೆ ದೊಡ್ಡವರಿಗೆ ಯಾವಾಗಲೂ ಸುಮ್ನೆ ಕಾಲಹರಣ. ಪಾಠ ಮುಗಿದಿಲ್ಲವೆಂದರೆ ಮೊದಲು ಹೋಗುವುದು ಆಟದ ಪೀರಿಯಡ್. ದುಡ್ಡು ಕಡಿಮೆಯಾದರೆ ಮೊದಲು ಹೋಗುವುದು ಆಟದ ಮೈದಾನ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕು ಎಂದೇ ಬರೆದಿದೆ. ಓದುವವರು ಯಾರು?

ಹೊರಟವರನ್ನು ನೀವು ಖಂಡಿತ ಪ್ರಶ್ನಿಸಿ. ಆದರೆ ಬೇರೆ ಪ್ರಶ್ನೆ ಕೇಳಿ. ಅಲ್ಲಿನವರು ಏನು ಬೇಕೆಂದಿದ್ದಾರೆ? ಯಾವ ಸೈಜಿನ ಬೂಟು? ನೀವು ವಾಪಸ್ ಬಂದ ಮೇಲೆ ಆಡಿಸುವವರು ಯಾರು? ಚೆಂಡಿನ ಜೊತೆ ಪಂಪು ಇಟ್ಟಿದ್ದೀರಾ, ಪಂಪಿಗೆ ಸೂಜಿ? ಸೂಜಿ ಬೇಗ ಮುರಿಯುತ್ತೆ, ನಾಲ್ಕೈದು ಜಾಸ್ತಿ ಇರಲಿ.