ಓದುಗರ ಪ್ರಶ್ನೆ: ಬಾಯಿ ಆಡುತ್ತಿದೆ, ಅಡಿಕೆಯೋ ಮಾತ್ರೆಯೋ?

ಪ್ರಶ್ನೆ: ಚಿತ್ರದುರ್ಗದ ಬಳಿ ಮನೋರೋಗಿಗಳ ಆರೈಕೆ ಕೇಂದ್ರ ನೋಡಿಕೊಳ್ಳುತ್ತೇನೆ. ಹೆಚ್ಚಿನವರಿಗೆ ಹ್ಯಾಲೊಪೆರಿಡಾಲ್ ಇಲ್ಲವೇ ರಿಸ್ಪೆರಿಡೋನ್ ಎಂಬ ಮನೋರೋಗದ ಮಾತ್ರೆ ನಡೆಯುತ್ತಿದೆ. ಒಬ್ಬರು ಸದಾ ಬಾಯಿ ಚಪ್ಪರಿಸುತ್ತಿದ್ದರು. ಅಡಿಕೆ ಜಗಿಯುತ್ತಾರೆ ಎಂದುಕೊಂಡೆವು. ಇದು ಮಾತ್ರೆಯಿಂದ ಬಂದದ್ದು ಎಂದರು ಡಾಕ್ಟರು. ಎಸ್ಸೆಸ್ಸೆಲ್ಸಿ ಓದಿದ ಸಿಬ್ಬಂದಿಗೆ ಇದನ್ನು ಗುರುತಿಸಲು ಕಲಿಸಬಹುದೇ?

ಉತ್ತರ: ಖಂಡಿತ. ಕಾಯಿಲೆಗೆ ಹೆಸರಿಡುವುದು ಡಾಕ್ಟರ ಕೆಲಸ. ಕಂಡದ್ದನ್ನು ಪ್ರತಿಸಲವೂ ಒಂದೇ ರೀತಿ ನೋಡಿ ಬರೆದಿಡುವುದು ನಿಮ್ಮವರ ಕೆಲಸ. ಇದಕ್ಕೆ 1976ರಿಂದ ಬಳಕೆಯಲ್ಲಿರುವ ‘ಏಮ್ಸ್’ ಎಂಬ, ಮೈಯ ಭಾಗಗಳು ತಾವಾಗಿಯೇ ಆಡುವುದನ್ನು ಅಳೆಯುವ ಅಳತೆಪಟ್ಟಿ ಇದೆ (ದೆಹಲಿಯ ಆಸ್ಪತ್ರೆಗೂ ಇದಕ್ಕೂ ಸಂಬಂಧವಿಲ್ಲ). ಹತ್ತು ನಿಮಿಷ ಸಾಕು.

ರೋಗಿಗೆ ಗೊತ್ತಾಗದಂತೆ ಮೊದಲು ದೂರದಿಂದ ನೋಡಿ. ಆಮೇಲೆ ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂರಿಸಿ. ಕೈಯಿರುವ ಕುರ್ಚಿಯಾದರೆ ಆತುಕೊಂಡ ತೋಳಿನ ಚಲನೆ ಮರೆಯಾಗುತ್ತದೆ. ಎಲೆ-ಅಡಿಕೆ, ಗುಟ್ಕಾ ಉಗಿಸಿ ಬಾಯಿ ಮುಕ್ಕಳಿಸಲು ಹೇಳಿ. ಕಟ್ಟಿಸಿದ ಹಲ್ಲು ಸಡಿಲವಿದೆಯೇ, ಹಲ್ಲುನೋವಿದೆಯೇ ಎಂದು ಕೇಳಿ. ನಮ್ಮ ಕಡೆ ಎಡವುವುದು ಇಲ್ಲೇ. ಪಾದ ನೆಲಕ್ಕೂರಿ, ಕೈ ಮೊಣಕಾಲ ಮೇಲಿರಲಿ. ನಂತರ ಕೈ ಇಳಿಬಿಡಲಿ. ಬಾಯಿ ಎರಡು ಸಲ ತೆರೆಸಿ, ಒಳಗಿರುವ ನಾಲಿಗೆ ಹೊರಳುತ್ತದೆಯೇ ನೋಡಿ. ಬಳಿಕ ನಾಲಿಗೆಯನ್ನೂ ಎರಡು ಸಲ ಹೊರಚಾಚಿಸಿ.

ಮುಖ್ಯ ಪರೀಕ್ಷೆ ಮುಂದಿನದು. ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಒಂದೊಂದಾಗಿ ತಾಗಿಸಲಿ, ಒಂದೊಂದು ಕೈಯಲ್ಲಿ 10ರಿಂದ 15 ಸೆಕೆಂಡು. ಆಗ ನೀವು ಬೆರಳು ನೋಡಬೇಡಿ, ಮುಖ ಮತ್ತು ಕಾಲು ನೋಡಿ. ಗಮನವೆಲ್ಲ ಬೆರಳಿಗೆ ಹೋದಾಗ ಅದುವರೆಗೆ ಬಿಗಿಹಿಡಿದಿದ್ದ ತುಟಿ, ದವಡೆ ತಾನಾಗಿ ಆಡತೊಡಗುತ್ತವೆ. ಕೊನೆಗೆ ನಿಲ್ಲಿಸಿ, ಅಂಗೈ ಕೆಳಗಾಗಿ ಕೈ ಚಾಚಿಸಿ, ನಾಲ್ಕು ಹೆಜ್ಜೆ ನಡೆಸಿ ತಿರುಗಿಸಿ.

ಮುಖ, ತುಟಿ, ದವಡೆ, ನಾಲಿಗೆ, ಕೈ, ಕಾಲು, ಮುಂಡ: ಈ ಏಳಕ್ಕೂ 0ರಿಂದ (ಚಲನೆ ಇಲ್ಲ) 4ರವರೆಗೆ (ತೀವ್ರ) ಅಂಕ. ಒಂದು ಕಡೆ 3, ಇಲ್ಲವೇ ಎರಡು ಕಡೆ 2 ಬಂದರೆ ಡಾಕ್ಟರಿಗೆ ತಿಳಿಸಲೇಬೇಕು. ಜಪಮಣಿ ಎಣಿಸಿದಂಥ ನಡುಕಕ್ಕೆ ಇಲ್ಲಿ ಅಂಕವಿಲ್ಲ. ಅದನ್ನು ಬೇರೆಯಾಗಿ ಬರೆಯಿರಿ. ಏಕೆಂದರೆ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಈ ಬಾಯಿಚಪ್ಪರಿಕೆಯನ್ನು ಹೆಚ್ಚಿಸಬಹುದು. ಎರಡನ್ನೂ ‘ಅಲುಗಾಟ’ ಎಂದು ಬರೆದು ಕಳಿಸಿದರೆ ಡಾಕ್ಟರಿಗೆ ದಾರಿ ತಪ್ಪುತ್ತದೆ.

ತರಬೇತಿಯಲ್ಲಿ ಇಬ್ಬರು ಒಬ್ಬನೇ ರೋಗಿಯನ್ನು ನೋಡಿ, ಪರಸ್ಪರ ತೋರಿಸದೆ ಅಂಕ ಹಾಕಲಿ. ಎಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂತೋ ಅಲ್ಲಿ ಮತ್ತೆ ಕೂತು ನೋಡಲಿ. ಔಷಧ ಶುರುಮಾಡುವ ಮುನ್ನ ಒಮ್ಮೆ ಅಂಕ ಬರೆದಿಟ್ಟರೆ ಮುಂದಿನದಕ್ಕೆ ಹೋಲಿಕೆ ಸಿಗುತ್ತದೆ. ನಂತರ ಕನಿಷ್ಠ ವರ್ಷಕ್ಕೊಮ್ಮೆ. ವಯಸ್ಸಾದವರಿಗೆ, ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧ ತೆಗೆದುಕೊಳ್ಳುವವರಿಗೆ ಆರು ತಿಂಗಳಿಗೊಮ್ಮೆ.

ಪ್ರಶ್ನೆ: ತಮ್ಮನಿಗೆ ಹೊಸ ಮಾತ್ರೆ ಶುರುವಾಗಿ ಹತ್ತು ದಿನ. ಕೂತಲ್ಲಿ ಕೂರುವುದಿಲ್ಲ, ಮನೆಯೆಲ್ಲ ಸುತ್ತುತ್ತಾನೆ. ಕಾಯಿಲೆ ಉಲ್ಬಣಿಸಿತೇ? (ದಾವಣಗೆರೆಯಿಂದ)

ಉತ್ತರ: ಮಾತ್ರೆಯಿಂದಲೇ ಬಂದ ಚಡಪಡಿಕೆ ಇರಬಹುದು. ಇದನ್ನು ಕಾಯಿಲೆ ಎಂದು ತಿಳಿದು ಡೋಸ್ ಏರಿಸಿದರೆ ತಳಮಳ ಇನ್ನೂ ಹೆಚ್ಚುತ್ತದೆ. ಎರಡು ನಿಮಿಷ ಕೂರಿಸಿ, ಎರಡು ನಿಮಿಷ ನಿಲ್ಲಿಸಿ ನೋಡಿ: ಕಾಲು ಮೇಲೆಕೆಳಗೆ ಮಾಡುತ್ತಾನೆಯೇ, ನಿಂತಲ್ಲೇ ಹೆಜ್ಜೆ ಬದಲಿಸುತ್ತಾನೆಯೇ? ‘ಒಳಗಿಂದಲೇ ತಳಮಳ ಆಗುತ್ತಾ?’ ಎಂದು ಅವನನ್ನೇ ಕೇಳಿ. ಈ ಸಂಕಟ ಸಹಿಸಲಾಗದೆ ಸಾಯುವ ಮಾತಾಡುವವರೂ ಇದ್ದಾರೆ. ಹಾಗೇನಾದರೂ ಕೇಳಿಬಂದರೆ ಅವತ್ತೇ ಡಾಕ್ಟರನ್ನು ಕಾಣಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕತ್ತು ಒಂದೇ ಕಡೆ ತಿರುಚಿಕೊಂಡರೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡರೆ, ಅಥವಾ ಜ್ವರದ ಜೊತೆ ಮೈ ಕೊರಡಿನಂತೆ ಬಿಗಿದು ಎಚ್ಚರ ಮಸುಕಾದರೆ ಫೋನಿನಲ್ಲಿ ಕಾಲ ಕಳೆಯಬೇಡಿ. ಮಾತ್ರೆಯ ಚೀಟಿ ಸಮೇತ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.