18–55 ಲೆನ್ಸ್ ಸಾಕೇ, 70–300 ಬೇಕೇ: ಡೊಂಬಿವಲಿಯ ಮಿತ್ರರ ಪ್ರಶ್ನೆಗೆ ಉತ್ತರ

ನಮಸ್ಕಾರ. ಕ್ಯಾಮೆರಾದ ಜೊತೆಗೇ ಬಂದ 18–55 ಮಿ.ಮೀ. ಝೂಮ್ ಲೆನ್ಸಿನಲ್ಲಿ ಮುಂಬಯಿಯ ದಾದರ್ ಹೂವಿನ ಮಾರುಕಟ್ಟೆಯ ಚಿತ್ರಗಳು ಅಲುಗಿದಂತೆ ಬರುತ್ತಿವೆ, ಬೆಳಿಗ್ಗೆ ಎಂಟಕ್ಕೆ ತೆಗೆದ ಸಿಎಸ್‌ಎಂಟಿ ರೈಲು ನಿಲ್ದಾಣದ ಚಿತ್ರ ಕಳೆಗುಂದಿದೆ, ಚೌತಿಗೆ ಉಡುಪಿಗೆ ಹೋಗುವ ಮೊದಲು ದೂರದ್ದನ್ನು ಹತ್ತಿರ ತರುವ 70–300 ಲೆನ್ಸ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಈಗ ಕೊಳ್ಳುವುದು ಬೇಡ. ನೀವು ಹಾಕಿರುವ ಚಿತ್ರಗಳಿಗೆ ಬೇಕಾಗಿರುವುದು ಬೆಳಕು. ಆ ಕೊರತೆಯನ್ನು 70–300 ಇನ್ನಷ್ಟು ಹೆಚ್ಚಿಸುತ್ತದೆ.

ಲೆನ್ಸಿನ ಅಂಚಿನಲ್ಲಿ 3.5–5.6 ಎಂದು ಬರೆದಿರುವುದನ್ನು ನೋಡಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿ, ದೊಡ್ಡದು. ಝೂಮ್ ಉಂಗುರ 18ರಲ್ಲಿರುವಾಗ (ಈ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಅದು ಎಫ್ 3.5ರವರೆಗೆ ತೆರೆಯುತ್ತದೆ, 55ಕ್ಕೆ ತಿರುಗಿಸಿದಾಗ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅಂದರೆ ಒಳಗೆ ಬರುವ ಬೆಳಕು ಸುಮಾರು ಎರಡೂವರೆ ಪಟ್ಟು ಕಡಿಮೆಯಾಗುತ್ತದೆ. 18ರಲ್ಲಿ 1/125 ಸೆಕೆಂಡಿನ ಷಟರ್ ವೇಗ (ಷಟರ್ ತೆರೆದಿರುವ ಹೊತ್ತು) ಸಿಗುವ ಜಾಗದಲ್ಲಿ, ಅದೇ ಐಎಸ್‌ಒಗೆ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), 55ರಲ್ಲಿ 1/50 ಮಾತ್ರ ಸಿಗುತ್ತದೆ. ನಿಮ್ಮ ಕ್ಯಾಮೆರಾದಂತಹ ಸಣ್ಣ ಸೆನ್ಸರಿನಲ್ಲಿ 55ರ ಚಿತ್ರ ಕೈ ನಡುಕಕ್ಕೆ ಸಿಕ್ಕದಿರಲು ಕನಿಷ್ಠ 1/80 ಬೇಕು. ವೇಗ ಹೆಚ್ಚು ಬೇಕಾದ ಕಡೆಯೇ ಅದು ಕಡಿಮೆ ಸಿಗುತ್ತದೆ ಎಂಬುದೇ ಈ ಲೆನ್ಸಿನ ಮುಖ್ಯ ದೌರ್ಬಲ್ಯ. 70–300ರಲ್ಲಿ ಇದೇ ತೊಂದರೆ ಇನ್ನೂ ದೊಡ್ಡದು. ಲೆನ್ಸಿನೊಳಗಿನ ಸ್ಟೆಬಿಲೈಸೇಷನ್ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಎದುರಿನವರ ಚಲನೆಯನ್ನು ತಡೆಯುವುದಿಲ್ಲ. ಮಾಲೆ ಕಟ್ಟುವವರ ಬೆರಳುಗಳು ಸ್ಪಷ್ಟವಾಗಿ ಬರಬೇಕಾದರೆ 1/250 ಇಟ್ಟುಕೊಳ್ಳಿ, ಐಎಸ್‌ಒ 3200ಕ್ಕೆ ಏರಿದರೂ ಚಿಂತೆಯಿಲ್ಲ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಕಾಣಿಸಿಕೊಂಡರೆ ನೋಡುವವರು ಸಹಿಸುತ್ತಾರೆ, ಮುಖ ಕಲಸಿಹೋದರೆ ಸಹಿಸುವುದಿಲ್ಲ.

ದಾದರಿನ ಮಾರುಕಟ್ಟೆಯಲ್ಲಿ ಇನ್ನೂ ಕೆಲವು ತೊಡಕುಗಳಿವೆ. ನಿಮ್ಮ ಎರಡನೆಯ ಚಿತ್ರದಲ್ಲಿ ಅಡ್ಡಲಾಗಿ ಕಾಣುವ ಮಬ್ಬು ಪಟ್ಟಿಗಳು ಲೆನ್ಸಿನ ದೋಷದಿಂದ ಬಂದವಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ವೇಗದ ಷಟರಿಗೆ ಆ ಮಿನುಗು ಪಟ್ಟಿಯಾಗಿ ಸಿಕ್ಕಿಬೀಳುತ್ತದೆ. ಬೆಳಗಿನ ಜಾವ ಬರೀ ದೀಪದ ಬೆಳಕಿರುವಾಗ 1/100ರಲ್ಲಿ ತೆಗೆದು, ಹೊರಗಿನ ಬೆಳಕು ಹರಿದ ಮೇಲೆ 1/250ಕ್ಕೆ ಹೋಗುವುದು ಉತ್ತಮ. ಮಳೆಗಾಲದಲ್ಲಿ ತಲೆಯ ಮೇಲೆ ಕಟ್ಟಿರುವ ನೀಲಿ ತಾಡಪಾಲಿನ ಬಣ್ಣವೆಲ್ಲ ಮುಖಕ್ಕೆ ಇಳಿಯುತ್ತದೆ. ಅದರ ಅಂಚಿನಲ್ಲಿ, ಬಯಲ ಬೆಳಕು ಬೀಳುವ ಜಾಗದಲ್ಲಿ ಕುಳಿತಿರುವವರನ್ನು ಆರಿಸಿಕೊಂಡರೆ ವೈಟ್ ಬ್ಯಾಲೆನ್ಸಿನ (ಬಣ್ಣ ಸರಿಪಡಿಸುವ) ಅರ್ಧ ತಲೆನೋವು ತಪ್ಪುತ್ತದೆ. ಮಲ್ಲಿಗೆಯ ರಾಶಿ ಚೌಕಟ್ಟು ತುಂಬಿದಾಗ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ, ಆದ್ದರಿಂದ ಎಕ್ಸ್‌ಪೋಷರನ್ನು (ಚಿತ್ರ ಎಷ್ಟು ಬೆಳಗಬೇಕೆಂಬುದನ್ನು) 0.7ರಷ್ಟು ಏರಿಸಿ. ಚೆಂಡುಹೂವಿಗೆ ಇದರ ವಿರುದ್ಧ: ಕಿತ್ತಳೆ ಬಣ್ಣ ಬೇಗ ಉಕ್ಕಿ, ಎಸಳುಗಳ ಗೆರೆಗಳು ಅಳಿಸಿಹೋಗಿ, ರಾಶಿಯೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತದೆ, ಆದ್ದರಿಂದ ಅಲ್ಲಿ ಅಷ್ಟೇ ಇಳಿಸಬೇಕು. ಇನ್ನು, ಬೋಣಿಯ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಅಂಗಡಿಗೆ ಅಡ್ಡ ನಿಲ್ಲಬಾರದು ಎಂಬುದನ್ನು ಊರಿನ ಸಂತೆ ಕಂಡವರಿಗೆ ಹೇಳಬೇಕಾಗಿಲ್ಲ.

ಝೂಮ್ ಉಂಗುರವನ್ನು ತಿರುಗಿಸುವ ಮೊದಲು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಿಕೊಳ್ಳಿ. ಹೂ ಮಾರುವವರಿಗೆ ಹತ್ತಿರ ಹೋಗಿ 18ರಲ್ಲಿ ತೆಗೆದರೆ ತಕ್ಕಡಿ ಹಿಡಿದ ಕೈ ದೊಡ್ಡದಾಗಿ, ಹಿಂದಿನ ಬೀದಿ ವಿಶಾಲವಾಗಿ ಕಾಣುತ್ತದೆ. ಅದೇ ವ್ಯಕ್ತಿಯನ್ನು ದೂರದಿಂದ 55ರಲ್ಲಿ ತೆಗೆದರೆ ಹಿಂದಿನ ಜನಜಂಗುಳಿ ಬೆನ್ನಿಗೇ ಅಂಟಿಕೊಂಡಂತೆ ಬರುತ್ತದೆ. ಮುಖವೇ ಮುಖ್ಯವಾದಾಗ 18ರಲ್ಲಿ ತೀರಾ ಸಮೀಪ ಹೋಗಬೇಡಿ, ಮೂಗು ಉಬ್ಬಿದಂತಾಗುತ್ತದೆ. ನಿತ್ಯಜೀವನದ ಚಿತ್ರಗಳಿಗೆ 24ರಿಂದ 35ರ ನಡುವಿನ ಭಾಗ ನನಗೆ ಅತ್ಯಂತ ಪ್ರಿಯವಾದದ್ದು. ದೂರದಿಂದ ಕದ್ದು ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ಬೆನ್ನುಗಳು ಅಥವಾ ಅನುಮಾನದ ಕಣ್ಣುಗಳು. ಕ್ಯಾಮೆರಾ ತೋರಿಸಿ, ತಲೆಯಾಡಿಸಿ ಒಪ್ಪಿಗೆ ಕೇಳಿ, ಅವರು ಮತ್ತೆ ಕೆಲಸಕ್ಕೆ ತೊಡಗುವವರೆಗೆ ಕಾದರೆ ಸಿಗುವುದೇ ಬೇರೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳಲ್ಲಿ ಸಾಮಾನ್ಯ ಜನ ಎಷ್ಟು ಸಹಜವಾಗಿದ್ದಾರೆಂಬುದನ್ನು ನೋಡಿದರೆ ನಾನು ಹೇಳುತ್ತಿರುವುದು ತಿಳಿಯುತ್ತದೆ.

ಸಿಎಸ್‌ಎಂಟಿಯ ವಿಷಯದಲ್ಲಿ ಲೆನ್ಸಿನ ತಪ್ಪು ಏನೂ ಇಲ್ಲ. ಆ ಕಟ್ಟಡದ ಮುಖ ಪಶ್ಚಿಮಕ್ಕಿದೆ. ಬೆಳಿಗ್ಗೆ ಎಂಟಕ್ಕೆ ಸೂರ್ಯ ಅದರ ಬೆನ್ನ ಹಿಂದಿರುವುದರಿಂದ ಕೆತ್ತನೆಯೆಲ್ಲ ನೆರಳಿನಲ್ಲಿರುತ್ತದೆ. ಮಳೆ ಬಿಡುವು ಕೊಟ್ಟ ಒಂದು ಸಂಜೆ, ನಾಲ್ಕರ ನಂತರ, ಮಹಾನಗರಪಾಲಿಕೆಯ ಕಟ್ಟಡದ ಬದಿಯಿಂದ ಎಫ್ 8ರಲ್ಲಿ ತೆಗೆದು ನೋಡಿ. ಓವಲ್ ಮೈದಾನದಲ್ಲಿ ಒಂದೇ ದಿನ ಎರಡು ಬೆಳಕೂ ಸಿಗುತ್ತವೆ: ಪಶ್ಚಿಮದ ಅಂಚಿನ ಆರ್ಟ್ ಡೆಕೊ ಶೈಲಿಯ ಮನೆಗಳ ಮೇಲೆ ಬೆಳಗಿನ ಬಿಸಿಲು, ಪೂರ್ವದ ಅಂಚಿನ ಹೈಕೋರ್ಟು ಮತ್ತು ರಾಜಾಬಾಯಿ ಗಡಿಯಾರ ಗೋಪುರದ ಮೇಲೆ ಸಂಜೆಯದು. ಈ ಎರಡು ಸಾಲುಗಳೂ ಸೇರಿ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಗೇಟ್‌ವೇ ಆಫ್ ಇಂಡಿಯಾ ಪೂರ್ವದ ಕಡಲಿಗೆ ಮುಖ ಮಾಡಿರುವುದರಿಂದ ಬೆಳಿಗ್ಗೆ ಊರಿನ ಕಡೆಯಿಂದ ತೆಗೆದರೆ ಕಪ್ಪು ಆಕೃತಿಯಷ್ಟೇ ಬರುತ್ತದೆ. ಅದೂ ಒಮ್ಮೊಮ್ಮೆ ಚೆನ್ನಾಗಿರುತ್ತದೆ, ಬೇಕೆಂದೇ ತೆಗೆದದ್ದಾದರೆ. ಎತ್ತರದ ಕಟ್ಟಡಗಳನ್ನು 18ರಲ್ಲಿ ತಲೆಯೆತ್ತಿ ತೆಗೆದಾಗ ಗೋಡೆಗಳು ಹಿಂದಕ್ಕೆ ವಾಲುತ್ತವೆ. ಸಾಧ್ಯವಾದಷ್ಟು ಹಿಂದೆ ಸರಿದು, ಕ್ಯಾಮೆರಾವನ್ನು ನೇರವಾಗಿ ಹಿಡಿದು, 24ರ ಆಸುಪಾಸಿನಲ್ಲಿ ತೆಗೆಯುವುದು ಮೇಲು.

ಉಡುಪಿಯ ಪ್ರಯಾಣಕ್ಕೂ ಈ ಲೆನ್ಸೇ ಸಾಕು. ದಕ್ಷಿಣಕ್ಕೆ ಹೋಗುವಾಗ ಕಡಲು ಬಲಗಡೆಗೆ ಬರುತ್ತದೆ. ಹೊನ್ನಾವರದ ಶರಾವತಿ ಸೇತುವೆಯನ್ನು, ಕೊಂಕಣ ರೈಲು ಮಾರ್ಗದ ಅತಿ ಉದ್ದದ ಸೇತುವೆಯದು, ನಿಮ್ಮ ರೈಲು ಹಗಲಿನಲ್ಲಿ ದಾಟುವುದಾದರೆ ಮೊದಲೇ ಕಿಟಕಿಯ ಬಳಿ ಸಿದ್ಧರಾಗಿರಿ. ಷಟರ್ 1/500ಕ್ಕಿಂತ ಕೆಳಗಿಳಿಯದಿರಲಿ. ಎಸಿ ಬೋಗಿಯಲ್ಲಿ ಲೆನ್ಸನ್ನು ಗಾಜಿಗೆ ಆದಷ್ಟು ಸಮೀಪ ಒಯ್ಯಿರಿ, ಆದರೆ ತಾಗಿಸಬೇಡಿ, ಗಾಜಿನ ಕಂಪನ ಕ್ಯಾಮೆರಾಕ್ಕೆ ಇಳಿಯುತ್ತದೆ. ಒಳಗಿನ ದೀಪದ ಪ್ರತಿಬಿಂಬವನ್ನು ಮರೆಮಾಡಲು ಕಪ್ಪು ಟವಲೊಂದು ಸಾಕು. ಲೋಕಲ್ ಆಗಲಿ ದೂರದ ಗಾಡಿಯಾಗಲಿ, ಬಾಗಿಲಿನಿಂದ ಕೈ ಹೊರಚಾಚಿ ತೆಗೆಯುವ ಸಾಹಸವನ್ನು ದಯವಿಟ್ಟು ಮಾಡಬೇಡಿ, ಕಂಬಗಳು ತೀರಾ ಹತ್ತಿರದಲ್ಲಿ ಹಾದುಹೋಗುತ್ತವೆ.

ಎಸಿ ಬೋಗಿಯಿಂದ ಇಳಿದ ತಕ್ಷಣ ಹೊರಗಿನ ತೇವ ತಣ್ಣಗಿನ ಲೆನ್ಸಿನ ಮೇಲೆ ಮಂಜಾಗಿ ಕೂರುತ್ತದೆ. ಕ್ಯಾಮೆರಾವನ್ನು ಹದಿನೈದು ನಿಮಿಷ ಚೀಲದಲ್ಲೇ ಬಿಟ್ಟು ಆಮೇಲೆ ತೆಗೆಯಿರಿ. ಮನೆಯಲ್ಲಿ ಬಟ್ಟೆಯ ಕಪಾಟಿನಲ್ಲಾಗಲಿ ಚರ್ಮದ ಪೆಟ್ಟಿಗೆಯಲ್ಲಾಗಲಿ ಇಡದೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಮುಂಬಯಿಯ ಮಳೆಗಾಲದಲ್ಲಿ ಗಾಜಿನೊಳಗೆ ಬೂಸ್ಟು ಹಿಡಿದರೆ ಅದನ್ನು ತೆಗೆಸುವ ಖರ್ಚು ಈ ಲೆನ್ಸಿನ ಬೆಲೆಯ ಹತ್ತಿರ ಬರಬಹುದು.

ಮುಂದೆ ಎಂದಾದರೂ ಎರಡನೆಯ ಲೆನ್ಸ್ ಬೇಕೆನಿಸಿದರೆ, ಪ್ರತಿ ಚಿತ್ರದ ಮಾಹಿತಿಯಲ್ಲಿ ದಾಖಲಾಗಿರುವ ಫೋಕಲ್ ಲೆಂಗ್ತನ್ನು (18, 35, 55ರಂತಹ ಸಂಖ್ಯೆಯನ್ನು) ಕಂಪ್ಯೂಟರಿನಲ್ಲಿ ನೋಡಿ, ನಿಮಗೆ ಮೆಚ್ಚಿಗೆಯಾದ ಚಿತ್ರಗಳು ಯಾವ ಸಂಖ್ಯೆಯ ಸುತ್ತ ಸೇರಿವೆ ಎಂದು ಲೆಕ್ಕ ಹಾಕಿ. 35ರ ಸುತ್ತ ಇದ್ದರೆ 35 ಮಿ.ಮೀ. ಎಫ್ 1.8, 55ರ ಕಡೆಗಿದ್ದರೆ 50 ಮಿ.ಮೀ. ಎಫ್ 1.8 ಕೊಳ್ಳಬಹುದು. ಎಫ್ 1.8ರಲ್ಲಿ 5.6ಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಬರುತ್ತದೆ, ದಾದರಿನ ಬೆಳಗಿನ ಜಾವಕ್ಕೆ ಅದೇ ಬೇಕಾದದ್ದು. 70–300 ಹಕ್ಕಿಗಳಿಗೆ, ಶಿವಡಿಯ ಫ್ಲೆಮಿಂಗೊಗಳಿಗೆ ಒದಗುವ ಲೆನ್ಸ್; ಆ ಹವ್ಯಾಸ ಹತ್ತಿದಾಗ ಅದರ ಮಾತನ್ನು ಬೇರೊಂದು ಚರ್ಚೆಯಲ್ಲಿ ಆಡೋಣ.